ಗರ್ಲ್ ಗ್ರೂಪ್ ಹಾಡನ್ನು ಸರ್ಫ್ ಗಿಟಾರ್‌ಗೆ ತರುವುದು ಹೇಗೆ? ಮೊದಲಿಂದ ಕೊನೆಯವರೆಗೆ

ಅರವತ್ತರ ದಶಕದ ಅಮೆರಿಕನ್ ಗರ್ಲ್ ಗ್ರೂಪ್ (ಹುಡುಗಿಯರ ಹಾಡು ತಂಡ) ಹಾಡುಗಳನ್ನು ಸರ್ಫ್ ಗಿಟಾರ್‌ನಲ್ಲಿ, ಅಂದರೆ ಅದೇ ಕಾಲದ ಗುಂಗು ತುಂಬಿದ ಗಿಟಾರ್ ಶೈಲಿಯಲ್ಲಿ, ನುಡಿಸಲು ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಸೌಂಡ್ ಸರಿಯಾಗೇ ಇರುತ್ತದೆ. ರಿವರ್ಬ್ (ಸ್ವರದ ಹಿಂದೆ ಉಳಿಯುವ ಗುಂಗು) ಇದೆ, ಟ್ರೆಮೊಲೊ ಪಿಕಿಂಗ್ (ಒಂದೇ ಸ್ವರವನ್ನು ಪಿಕ್‌ನಿಂದ ವೇಗವಾಗಿ ಮತ್ತೆ ಮತ್ತೆ ಮೀಟುವುದು) ಇದೆ, ಡ್ರಮ್ಸ್ ಓಡುತ್ತಿದೆ. ಆದರೆ ಎರಡನೇ ವರ್ಸ್ (ಚರಣ) ಬರುವಷ್ಟರಲ್ಲಿ ಕೇಳುವವರಿಗೆ ಸಾಕಾಗಿರುತ್ತದೆ. ಅದೇ ಸ್ವರ, ಅದೇ ಜಾಗ, ಅದೇ ಜೋರು. ಯಾವ ಹಾಡು ಅಂತ ಗೊತ್ತಾಗುತ್ತದೆ, ಯಾರೋ ಹಾಡುತ್ತಿದ್ದಾರೆ ಅಂತ ಮಾತ್ರ ಅನ್ನಿಸುವುದಿಲ್ಲ.

ಪದ ತೆಗೆದ ಕೂಡಲೇ ಹಾಡಿನಿಂದ ಮೂರು ವಿಷಯ ಹೋಗುತ್ತವೆ. ವರ್ಸ್‌ನಿಂದ ವರ್ಸ್‌ಗೆ ಬದಲಾಗುವ ಕಥೆ ಹೋಗುತ್ತದೆ, ಹಾಡುವವಳ ಉಸಿರು ಹೋಗುತ್ತದೆ, ಹಿಂದೆ ನಿಂತ ಹುಡುಗಿಯರು ಕೊಡುವ ಉತ್ತರ ಹೋಗುತ್ತದೆ. ಈ ಮೂರನ್ನೂ ನೀವೇ ವಾಪಸ್ ತುಂಬಬೇಕು. ರಿವರ್ಬ್ ಆ ಕೆಲಸ ಮಾಡುವುದಿಲ್ಲ. ಅದಕ್ಕೇ ಇಲ್ಲಿ ರಿವರ್ಬ್ ಬರುವುದು ಎಂಟನೇ ಹಂತದಲ್ಲಿ. ದಯವಿಟ್ಟು ಈ ಕ್ರಮ ಬದಲಿಸಬೇಡಿ. ಮೊದಲೇ ರಿವರ್ಬ್ ಹಾಕಿಕೊಂಡು ಕೂತರೆ ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ, ತಪ್ಪು ಕೇಳುವುದೇ ಇಲ್ಲ.

ಉದಾಹರಣೆಗೆ ರಾನೆಟ್ಸ್ ತಂಡದ 1963ರ ‘ಬಿ ಮೈ ಬೇಬಿ’ ತೆಗೆದುಕೊಂಡಿದ್ದೇನೆ. ಅದರ ಬೀಟ್, ಕಾರ್ಡ್, ಹಿಂದಿನ ದನಿ ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತದೆ, ಕಲಿಯಲು ಸುಲಭ. ಶಿರೆಲ್ಸ್, ಕ್ರಿಸ್ಟಲ್ಸ್, ಚಿಫಾನ್ಸ್, ಶಾಂಗ್ರಿ-ಲಾಸ್ ಯಾರ ಹಾಡಿಗಾದರೂ ಇದೇ ದಾರಿ.

## ಏನೇನು ಬೇಕು

ಸಿಂಗಲ್ ಕಾಯಿಲ್ ಪಿಕಪ್ ಇರುವ ಗಿಟಾರ್ ಒಂದು. ಫೆಂಡರ್ ಕಂಪನಿಯ ಜಾಜ್‌ಮಾಸ್ಟರ್, ಜಾಗ್ವಾರ್ ಇದ್ದರೆ ಸಂತೋಷ. ಇಲ್ಲದಿದ್ದರೆ ಸ್ಟ್ರಾಟ್ ಮಾದರಿಯ ಯಾವುದೇ ಗಿಟಾರ್ ನಡೆಯುತ್ತದೆ, ಇದಕ್ಕಂತಲೇ ಹೊಸ ಗಿಟಾರ್ ಕೊಳ್ಳುವ ಅಗತ್ಯ ಖಂಡಿತ ಇಲ್ಲ. ತಂತಿ ಮಾತ್ರ ಬದಲಿಸಿ. ಅಂಗಡಿಯಲ್ಲಿ ಹಾಕಿ ಕೊಡುವ 9ರ ಸೆಟ್ (ಅತಿ ತೆಳು ತಂತಿ 0.009 ಇಂಚು) ಇಲ್ಲಿ ಆಗಿಬರುವುದಿಲ್ಲ. ಪಿಕ್ ಜೋರಾಗಿ ತಾಗಿದ ತಕ್ಷಣ ತೆಳು ತಂತಿಯ ಸ್ವರ ಒಂದು ಕ್ಷಣ ಮೇಲೆ ಹೋಗಿ ಇಳಿಯುತ್ತದೆ, ಎಷ್ಟು ಶ್ರುತಿ ಮಾಡಿದರೂ ಅಪಸ್ವರ ಅನ್ನಿಸುತ್ತದೆ. ಕನಿಷ್ಠ 11ರ ಸೆಟ್ ಹಾಕಿ. ಮೂರನೇ ತಂತಿಗೂ ಸುತ್ತು ಇರುವ ಸೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ತಂತಿ ಬದಲಿಸಿದ ಮೇಲೆ ನೆಕ್ ಮತ್ತು ಬ್ರಿಜ್ ಸೆಟಪ್ ಮಾಡಿಸಿ. ಹೊಸ ಎಳೆತಕ್ಕೆ ನೆಕ್ ಸ್ವಲ್ಪ ಬಾಗುತ್ತದೆ.

ಒಂದು ಮಿಲಿಮೀಟರ್ ಆಸುಪಾಸಿನ ಗಟ್ಟಿ ಪಿಕ್ ಬೇಕು. ಕ್ಲೀನ್ ಆಂಪ್, ಇಲ್ಲವೇ ಕಂಪ್ಯೂಟರ್‌ನಲ್ಲಿ ಆಂಪ್ ಪ್ಲಗಿನ್. ಸ್ಪ್ರಿಂಗ್ ರಿವರ್ಬ್, ಪೆಡಲ್ ಆದರೂ ಸರಿ, ಪ್ಲಗಿನ್ ಆದರೂ ಸರಿ. ರೆಕಾರ್ಡಿಂಗ್‌ಗೆ ಎರಡು ಇನ್‌ಪುಟ್‌ನ ಆಡಿಯೊ ಇಂಟರ್‌ಫೇಸ್ ಸಾಕು. ಒಂದು ಟ್ಯಾಂಬರಿನ್ ಇರಲಿ. ಜೊತೆಗೆ ಒಂದು ಹಾಳೆ, ಪೆನ್ಸಿಲ್. ಪೆನ್ಸಿಲ್‌ಗೆ ಎರಡು ಕೆಲಸ ಇದೆ, ಮುಂದೆ ಗೊತ್ತಾಗುತ್ತದೆ.

## 1. ಗಿಟಾರ್ ಕೆಳಗಿಡಿ, ಹಾಡು ಬಾಯಿಗೆ ಬರಲಿ

ವೀಣೆ, ಪಿಟೀಲು ಕಲಿತವರಿಗೆ ಇದು ಹೊಸದಲ್ಲ. ಕೃತಿ ನುಡಿಸುವ ಮೊದಲು ಸಾಹಿತ್ಯ ಕಲಿಯುತ್ತಾರೆ. ಎಲ್ಲಿ ಮೀಟಬೇಕು, ಎಲ್ಲಿ ಕಮಾನು ತಿರುಗಿಸಬೇಕು ಅನ್ನುವುದನ್ನು ಪದವೇ ಹೇಳುತ್ತದೆ. ಇಲ್ಲೂ ಅಷ್ಟೇ.

ಹಾಡಿನ ಒಂದು ವರ್ಸ್ ಮತ್ತು ಕೋರಸ್ಸನ್ನು ಹಾಳೆಯಲ್ಲಿ ಬಿಡಿ ಅಕ್ಷರಗಳಾಗಿ ಬರೆಯಿರಿ. ರೆಕಾರ್ಡಿಂಗ್ ಹಾಕಿಕೊಂಡು ಜೊತೆಗೇ ಹಾಡಿ. ದನಿ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ. ಹಾಡುತ್ತಾ ಮೂರು ಗುರುತು ಹಾಕಿ: ಅವಳು ಉಸಿರು ತೆಗೆದುಕೊಳ್ಳುವ ಕಡೆ ಒಂದು ಅಡ್ಡಗೆರೆ, ಎಳೆಯುವ ಅಕ್ಷರದ ಕೆಳಗೆ ಗೆರೆ, ಒಂದೇ ಅಕ್ಷರದಲ್ಲಿ ಎರಡು ಸ್ವರಕ್ಕೆ ಜಾರುವ ಕಡೆ ಕಮಾನು.

ಈ ಹಾಳೆಯೇ ನಿಮ್ಮ ಪಿಕಿಂಗ್ ಚಾರ್ಟ್. ಒಂದು ಅಕ್ಷರಕ್ಕೆ ಒಂದು ಪಿಕ್ ಪೆಟ್ಟು. ಕಮಾನು ಇರುವಲ್ಲಿ ಪಿಕ್ ಮಾಡಬಾರದು, ಬೆರಳು ಜಾರಿಸಬೇಕು. ಅಡ್ಡಗೆರೆ ಇರುವಲ್ಲಿ ತಂತಿಯನ್ನು ನಿಲ್ಲಿಸಬೇಕು, ಕೈಯಿಂದ ಮುಟ್ಟಿ ನಿಲ್ಲಿಸಬೇಕು. ಗಿಟಾರ್‌ಗೆ ಉಸಿರು ಬೇಡ ಅಲ್ವಾ, ಅದಕ್ಕೇ ನಾವು ಸುಮ್ನೆ ನುಡಿಸುತ್ತಾ ಹೋಗಿಬಿಡುತ್ತೇವೆ. ಕೇಳುವವರಿಗೆ ಉಸಿರು ಕಟ್ಟುವುದು ಅಲ್ಲೇ.

ಎಚ್ಚರಿಕೆ: ಟ್ಯಾಬ್ (ತಂತಿ, ಫ್ರೆಟ್ ಸಂಖ್ಯೆ ಬರೆದ ಗಿಟಾರ್ ಲಿಪಿ) ನೋಡಿ ಶುರು ಮಾಡಿದರೆ ಈ ಗುರುತು ಯಾವುದೂ ಸಿಗುವುದಿಲ್ಲ. ಟ್ಯಾಬ್ ಯಾವ ಫ್ರೆಟ್ ಅಂತ ಹೇಳುತ್ತದೆ, ಎಲ್ಲಿ ಬಿಡಬೇಕು ಅಂತ ಹೇಳುವುದಿಲ್ಲ.

## 2. ಕೀ ಮತ್ತು ಕಾರ್ಡ್

ನಮ್ಮ ಹಾಡು ಇ ಮೇಜರ್‌ನಲ್ಲಿದೆ, ಇದು ಅದೃಷ್ಟ. ಆರನೇ ತಂತಿ ತೆರೆದಾಗ ಇ. ಸರ್ಫ್‌ನ ಆ ದಪ್ಪ, ಹನಿ ಹನಿಯಾಗಿ ಬೀಳುವ ಸದ್ದು ಚೆನ್ನಾಗಿ ಬರುವುದು ದಪ್ಪ ತಂತಿಗಳಲ್ಲೇ. ನೀವು ಆರಿಸಿದ ಹಾಡು ಬಿ ಫ್ಲ್ಯಾಟ್‌ನಲ್ಲೋ ಇ ಫ್ಲ್ಯಾಟ್‌ನಲ್ಲೋ ಇದ್ದರೆ ಹಿಂದೆ ಮುಂದೆ ನೋಡದೆ ಇ ಅಥವಾ ಎ ಕೀಗೆ ಬದಲಿಸಿ. ಹಾಡುವವರು ಯಾರೂ ಇಲ್ಲ, ಯಾರ ದನಿಗೂ ತೊಂದರೆಯಿಲ್ಲ.

ವರ್ಸ್ ಇ, ಎಫ್ ಶಾರ್ಪ್ ಮೈನರ್, ಬಿ 7ರಲ್ಲಿ ತಿರುಗುತ್ತದೆ. ಆಮೇಲೆ ಜಿ ಶಾರ್ಪ್, ಸಿ ಶಾರ್ಪ್, ಎಫ್ ಶಾರ್ಪ್, ಬಿ ಅಂತ ಮೆಟ್ಟಿಲಿಳಿದು ಕೋರಸ್‌ಗೆ ಬರುತ್ತದೆ. ಕೋರಸ್ ಇ, ಸಿ ಶಾರ್ಪ್ ಮೈನರ್, ಎ, ಬಿ.

ಆ ಮೆಟ್ಟಿಲಿನ ನಾಲ್ಕೂ ಮೇಜರ್ ಕಾರ್ಡ್‌ಗಳು. ಜಿ ಶಾರ್ಪ್‌ನಲ್ಲಿ ಸಿ ಸ್ವರ ಇದೆ, ಸಿ ಶಾರ್ಪ್‌ನಲ್ಲಿ ಎಫ್, ಎಫ್ ಶಾರ್ಪ್‌ನಲ್ಲಿ ಎ ಶಾರ್ಪ್. ಈ ಮೂರೂ ಇ ಮೇಜರ್ ಸ್ಕೇಲ್‌ನಲ್ಲಿಲ್ಲ. ಇಡೀ ಹಾಡಿಗೆ ಒಂದೇ ಸ್ಕೇಲ್ ಹಿಡಿದು ಫಿಲ್ (ಸಾಲುಗಳ ನಡುವೆ ತುಂಬುವ ಸ್ವರಗಳು) ಹಾಕುವವರು ಇಲ್ಲೇ ಸಿಕ್ಕಿಬೀಳುತ್ತಾರೆ, ಸರಿಯಾಗಿ ಕೋರಸ್ ಬರುವ ಹೊತ್ತಿಗೆ ಏನೋ ಕೊಳೆತ ಹಾಗೆ ಕೇಳುತ್ತದೆ. ಎರಡನೇ ಗಿಟಾರ್, ಅಂದರೆ ಆರನೇ ಹಂತದಲ್ಲಿ ಬರುವ ಉತ್ತರದ ಗಿಟಾರ್, ಈ ಮೂರು ಸ್ವರವನ್ನು ಮುಟ್ಟಿಯೇ ಹೋಗಬೇಕು. ಈ ಹಾಡಿನ ಅಂತಃಕರಣ ಇರುವುದೇ ಆ ಮೆಟ್ಟಿಲಿನಲ್ಲಿ.

ಇನ್ನೊಂದು ಮಾತು. ಸರ್ಫ್ ಅಂದರೆ ಮೈನರ್ ಅಂದುಕೊಂಡು ಇಡೀ ಹಾಡನ್ನು ಮೈನರ್‌ಗೆ ತಿರುಗಿಸುವವರಿದ್ದಾರೆ. ಬೇಡ. ಹಾಡಿನ ಸಿಹಿ ಪೂರ್ತಿ ಹೋಗುತ್ತದೆ. ಮೈನರ್ ಬೇಕೇ ಬೇಕು ಅನ್ನಿಸಿದರೆ ಇಂಟ್ರೊದಲ್ಲಿ ತನ್ನಿ: ಸಿ ಶಾರ್ಪ್ ಮೈನರ್, ಬಿ, ಎ, ಜಿ ಶಾರ್ಪ್ ಅಂತ ಎಂಟು ಬಾರ್ (ನಾಲ್ಕು ಬೀಟ್‌ನ ಒಂದು ಸುತ್ತು ಒಂದು ಬಾರ್) ಇಳಿಯಿರಿ, ಕೊನೆಗೆ ಬಿ ಮೇಲೆ ಒಂದು ಬಾರ್ ನಿಂತು ಇ ಮೇಜರ್‌ಗೆ ತೆರೆಯಿರಿ. ಜಿ ಶಾರ್ಪ್ ಹೇಗೂ ಹಾಡಿನೊಳಗೇ ಇರುವುದರಿಂದ ಈ ಇಂಟ್ರೊ ಹೊರಗಿನಿಂದ ಅಂಟಿಸಿದ ಹಾಗೆ ಕಾಣುವುದಿಲ್ಲ.

## 3. ಡ್ರಮ್ಸ್: ಎರಡು ಬೀಟ್, ಎರಡು ಮನೆ

ಗಿಟಾರ್ ರೆಕಾರ್ಡ್ ಮಾಡುವ ಮೊದಲು ಡ್ರಮ್ಸ್ ಮುಗಿಯಬೇಕು. ಟೆಂಪೊ ನಿಮಿಷಕ್ಕೆ ಸುಮಾರು 130 ಇಟ್ಟುಕೊಳ್ಳಿ.

ಹ್ಯಾಲ್ ಬ್ಲೇನ್ ಆ ರೆಕಾರ್ಡಿಂಗ್‌ನಲ್ಲಿ ನುಡಿಸಿದ ಬೀಟ್ ಎಲ್ಲರಿಗೂ ಗೊತ್ತು, ಆದರೆ ಎಣಿಸಿ ನೋಡಿದವರು ಕಡಿಮೆ. ಕಿಕ್ (ಕಾಲಲ್ಲಿ ಬಡಿಯುವ ದೊಡ್ಡ ಡ್ರಮ್) 1ರಲ್ಲಿ, ಮತ್ತೆ 2 ಮತ್ತು 3ರ ನಡುವೆ, ಮತ್ತೆ 3ರಲ್ಲಿ. ಸ್ನೇರ್ 4ರಲ್ಲಿ ಮಾತ್ರ. ಬಾಯಲ್ಲಿ ಹೇಳಿದರೆ ಧುಂ, ಧು-ಧುಂ, ಟಾ. 2ನೇ ಬೀಟ್ ಖಾಲಿ. ಆ ಖಾಲಿ ಜಾಗವೇ ಈ ಬೀಟ್‌ನ ಪ್ರಾಣ.

ಸರ್ಫ್ ಬೀಟ್ ಇದಕ್ಕೆ ಉಲ್ಟಾ. ಕಿಕ್ 1 ಮತ್ತು 3ರಲ್ಲಿ. ಸ್ನೇರ್ 2ರಲ್ಲಿ ಒಂದು, ಅದರ ಬೆನ್ನಿಗೇ 2 ಮತ್ತು 3ರ ನಡುವೆ ಇನ್ನೊಂದು, ಆಮೇಲೆ 4ರಲ್ಲಿ. ಧುಂ ಟಟ ಧುಂ ಟ. 2ನೇ ಬೀಟ್ ಇಲ್ಲಿ ಭರ್ತಿ.

ಎರಡನ್ನೂ ಒಂದೇ ಬಾರ್‌ನಲ್ಲಿ ಬೆರೆಸಿದರೆ ಖಾಲಿ ಜಾಗವೂ ಇಲ್ಲ, ಓಟವೂ ಇಲ್ಲ. ವರ್ಸ್‌ಗೆ ಗರ್ಲ್ ಗ್ರೂಪ್ ಬೀಟ್, ಕೋರಸ್‌ಗೆ ಸರ್ಫ್ ಬೀಟ್ ಅಂತ ಹಂಚಿಬಿಡಿ. ಟೆಂಪೊ ಒಂದೇ ಇದ್ದರೂ ಕೋರಸ್ ಬಂದಾಗ ಹಾಡು ಮುಂದಕ್ಕೆ ಜಿಗಿದ ಹಾಗೆ ಆಗುತ್ತದೆ. ಪದ ಕೊಡುತ್ತಿದ್ದ ತಿರುವಿನಲ್ಲಿ ಒಂದು ಪಾಲು ಇಲ್ಲೇ ವಾಪಸ್ ಸಿಕ್ಕಿತು.

ವರ್ಸ್‌ನಲ್ಲಿ ಸಿಂಬಲ್ ಮುಟ್ಟಲೇಬೇಡಿ. 4ರ ಸ್ನೇರ್ ಮೇಲೆ ಟ್ಯಾಂಬರಿನ್ ಮತ್ತು ಚಪ್ಪಾಳೆ ಕೂರಿಸಿ. ಮೂಲದಲ್ಲಿ ಕ್ಯಾಸ್ಟನೆಟ್ಸ್ ಇದೆ. ಅದು ಸಿಗದಿದ್ದರೆ ಹರಿಕಥೆ ದಾಸರು ಹಿಡಿಯುವ ಚಿಟಿಕೆ ಬಳಸಿ, ಮರದ ಟಕ್ ಜೊತೆ ಸಣ್ಣ ಗೆಜ್ಜೆಯ ಸದ್ದೂ ಬರುತ್ತದೆ, ಈ ಹಾಡಿಗೆ ನಿಜವಾಗಿ ಒಪ್ಪುತ್ತದೆ. ಕಂಪ್ಯೂಟರ್ ಡ್ರಮ್ಸ್ ಆದರೂ ಟ್ಯಾಂಬರಿನ್, ಚಪ್ಪಾಳೆ ಕೈಯಿಂದಲೇ ಆಗಲಿ. ಮನೆಯಲ್ಲಿ ಯಾರಿದ್ದಾರೋ ಅವರನ್ನೆಲ್ಲ ಕರೆದು ಒಂದೇ ಮೈಕ್ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿ.

ಪರೀಕ್ಷೆ: ಬರೀ ಡ್ರಮ್ಸ್ ಹಾಕಿಕೊಂಡು ಹಾಡು ಹಾಡಿ. ವರ್ಸ್‌ನಿಂದ ಕೋರಸ್‌ಗೆ ಹೋದದ್ದು ಪದ ಇಲ್ಲದೆಯೂ ಗೊತ್ತಾಗಬೇಕು.

## 4. ಬೇಸ್ ಮತ್ತು ರಿದಮ್

ಬೇಸನ್ನು ಬೆರಳಲ್ಲಿ ಅಲ್ಲ, ಪಿಕ್‌ನಲ್ಲಿ ನುಡಿಸಿ, ಅಂಗೈ ಅಂಚನ್ನು ಬ್ರಿಜ್ ಹತ್ತಿರ ಇಟ್ಟು ಸ್ವಲ್ಪ ಅದುಮಿ. ವರ್ಸ್‌ನಲ್ಲಿ ಕಿಕ್ ಜೊತೆಗೇ ನಡೆಯಲಿ. ಕೋರಸ್‌ನಲ್ಲಿ ಎಂಟರ ಓಟ, ಅಂದರೆ ಒಂದು ಬೀಟ್‌ಗೆ ಎರಡು ಸ್ವರ. ಬೇಸ್‌ಗೆ ರಿವರ್ಬ್ ಬೇಡ.

ರಿದಮ್ ವಿಷಯದಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ಗೋಲ್ಡ್ ಸ್ಟಾರ್ ಸ್ಟುಡಿಯೊದಲ್ಲಿ ಈ ಹಾಡಿನ ನಿರ್ಮಾಪಕ ಫಿಲ್ ಸ್ಪೆಕ್ಟರ್ ಒಂದೇ ಭಾಗವನ್ನು ಹಲವು ಗಿಟಾರ್, ಹಲವು ಪಿಯಾನೊಗಳಿಂದ ಒಟ್ಟಿಗೆ ನುಡಿಸುತ್ತಿದ್ದ. ಆ ತುಂಬಿದ ಸದ್ದು ಬಂದದ್ದು ಹಾಗೆ. ಮನೆಯಲ್ಲಿ ನೀವು ಅಕೌಸ್ಟಿಕ್ ಗಿಟಾರ್ ಸ್ಟ್ರಮ್ಮಿಂಗನ್ನು ಮೂರು ಸಲ ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿ. ಒಂದು ಸಲ ನುಡಿಸಿ ಎರಡು ಸಲ ಕಾಪಿ ಮಾಡಿದರೆ ಪ್ರಯೋಜನ ಇಲ್ಲ. ಬರೀ ಜೋರಾಗುತ್ತದೆ, ದಪ್ಪ ಆಗುವುದಿಲ್ಲ. ಪ್ರತಿ ಸಲ ಕೈ ಕೂದಲೆಳೆಯಷ್ಟು ಆಚೀಚೆ ಆಗುತ್ತದಲ್ಲ, ಆ ವ್ಯತ್ಯಾಸದಿಂದಲೇ ಸದ್ದು ಅಗಲವಾಗುವುದು.

ಎಲೆಕ್ಟ್ರಿಕ್ ರಿದಮ್ ಕೋರಸ್‌ನಲ್ಲಿ ಮಾತ್ರ ಬರಲಿ. ಆರನೇ, ಐದನೇ ತಂತಿಯಲ್ಲಿ ಅದುಮಿದ ಎಂಟರ ಪಿಕಿಂಗ್. ಸ್ವರ ಚಿಕ್ಕದಾಗಿರಲಿ. ಯಾಕೆ ಅಂತ ರಿವರ್ಬ್ ಹಂತದಲ್ಲಿ ಹೇಳುತ್ತೇನೆ.

## 5. ಲೀಡ್: ಒಂದೇ ರಾಗ, ಬೇರೆ ಬೇರೆ ಬಾಯಿ

ಜಾಸ್ತಿ ಸಮಯ ಕೊಡಬೇಕಾದದ್ದು ಇದಕ್ಕೆ. ಇಲ್ಲಿ ರಿವರ್ಬ್ ಪೂರ್ತಿ ಆಫ್ ಇರಲಿ.

ಮೊದಲ ವರ್ಸ್ ಕೆಳಗಿನ ಆಕ್ಟೇವ್‌ನಲ್ಲಿ, ಸುತ್ತು ಇರುವ ದಪ್ಪ ತಂತಿಗಳ ಮೇಲೆ. ಐದನೇ ತಂತಿಯ 7ನೇ ಫ್ರೆಟ್‌ನಲ್ಲಿ ಇ ಸಿಗುತ್ತದೆ, ಅದರ ಸುತ್ತಮುತ್ತ ರಾಗ ಹುಡುಕಿ. ನೆಕ್ ಪಿಕಪ್, ಅಥವಾ ನೆಕ್ ಮತ್ತು ಮಧ್ಯದ್ದು ಸೇರಿಸಿ. ತಗ್ಗಿದ ದನಿಯಲ್ಲಿ ಮಾತಾಡಿದ ಹಾಗಿರಬೇಕು. ಆ ಹಾಡಿಗೆ ಸಂಗೀತ ಜೋಡಿಸಿದ ಜ್ಯಾಕ್ ನಿಟ್ಶೆ ಅದೇ 1963ರಲ್ಲಿ ‘ದ ಲೋನ್ಲಿ ಸರ್ಫರ್’ ಅನ್ನುವ ವಾದ್ಯ ಸಂಗೀತವನ್ನೂ ಹೊರತಂದ. ಅದರಲ್ಲಿ ರಾಗ ಹಿಡಿಯುವುದು ತಗ್ಗು ಸ್ಥಾಯಿಯ ತಂತಿ. ಒಮ್ಮೆ ಕೇಳಿ. ಗರ್ಲ್ ಗ್ರೂಪ್‌ನ ದೊಡ್ಡ ಸದ್ದು ಮತ್ತು ಸರ್ಫ್ ಗಿಟಾರ್ ಒಂದೇ ಮನೆಯ ಮಕ್ಕಳು ಅನ್ನುವುದು ಅಲ್ಲಿ ಕಿವಿಗೇ ತಿಳಿಯುತ್ತದೆ.

ಕೋರಸ್‌ಗೆ ಬ್ರಿಜ್ ಪಿಕಪ್‌ಗೆ ಬನ್ನಿ, ಒಂದು ಆಕ್ಟೇವ್ ಮೇಲೆ ಹೋಗಿ. ಮೂರನೇ ತಂತಿಯ 9ನೇ ಫ್ರೆಟ್‌ನಲ್ಲೂ ಇ ಇದೆ, ಎರಡನೇ ತಂತಿಯ 5ನೇ ಫ್ರೆಟ್‌ನಲ್ಲೂ ಇದೆ. ಸ್ವರ ಒಂದೇ, ಬಣ್ಣ ಬೇರೆ. ಮೂರನೇ ತಂತಿಯದ್ದು ದುಂಡಗೆ, ಎರಡನೆಯದ್ದು ಚೂಪು. ಎರಡನ್ನೂ ನುಡಿಸಿ ನೋಡಿ ಆರಿಸಿಕೊಳ್ಳಿ. ನನಗೆ ಮೂರನೆಯದ್ದೇ ಇಷ್ಟ, ದನಿಗೆ ಹತ್ತಿರ.

ಎರಡನೇ ವರ್ಸ್ ಮೊದಲನೆಯದರ ನಕಲಾದರೆ ಹಾಡು ಅಲ್ಲೇ ಸಾಯುತ್ತದೆ. ಪದ ಇದ್ದಾಗ ರಾಗ ಅದೇ ಇದ್ದರೂ ಮಾತು ಹೊಸದು, ಹಾಗಾಗಿ ಬೇಸರ ಆಗುವುದಿಲ್ಲ. ಇಲ್ಲಿ ಮಾತಿಲ್ಲ. ಆದ್ದರಿಂದ ಎರಡನೇ ವರ್ಸ್‌ನಲ್ಲಿ ಒಂದೇ ಒಂದು ವಿಷಯ ಬದಲಿಸಿ. ಆಕ್ಟೇವ್ ಬದಲಿಸಬಹುದು. ಎರಡು ತಂತಿಯಲ್ಲಿ ಜೋಡಿ ಸ್ವರ ನುಡಿಸಬಹುದು. ಇಲ್ಲವೇ ರಾಗವನ್ನು ಆರ್ಗನ್‌ಗೆ ಕೊಟ್ಟು ಗಿಟಾರ್ ಬರೀ ಉತ್ತರ ಕೊಡಬಹುದು. ಒಂದನ್ನು ಮಾತ್ರ. ಆಕ್ಟೇವ್ ಬದಲಿಸಿ, ಜೋಡಿ ಸ್ವರ ಹಾಕಿ, ಮೇಲಿಂದ ಫಿಲ್ಲೂ ತುರುಕಿದರೆ ಕೊನೆಯ ಕೋರಸ್‌ಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಈಗ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ವರ್ಸ್‌ನ ಮೊದಲ ಸಾಲಿನ ಹಾಳೆ ಮುಂದಿಡಿ. ಮೊದಲ ಅಕ್ಷರ ಮೃದುವಾಗಿ, ಪಿಕ್ ತುದಿ ಮಾತ್ರ ತಾಗುವ ಹಾಗೆ. ಸಾಲಿನ ಒತ್ತು ಬೀಳುವ ಪದಕ್ಕೆ ಬಂದಾಗ ಪಿಕ್ ಇನ್ನೊಂದು ಸ್ವಲ್ಪ ಆಳಕ್ಕೆ ಇಳಿಯಲಿ, ಬೇರೆಲ್ಲೂ ಬೇಡ. ಕೊನೆಯ ಎಳೆದ ಅಕ್ಷರದಲ್ಲಿ ಸ್ವರ ಹುಟ್ಟಿದ ತಕ್ಷಣ ಕೈ ಅಲುಗಾಡಿಸಬೇಡಿ. ಒಂದು ಬೀಟ್ ನೇರ ನಿಲ್ಲಲಿ, ಆಮೇಲೆ ನಿಧಾನ ವೈಬ್ರಾಟೊ ಬರಲಿ. ರಾನೆಟ್ಸ್‌ನ ಮುಖ್ಯ ಗಾಯಕಿ ರಾನಿ ಸ್ಪೆಕ್ಟರ್ ದನಿಯ ನಡುಕ ಕೇಳಿ, ಅದೂ ಸ್ವರ ಎಳೆಯುವ ಕಡೆಯೇ ತುಂಬಿ ಬರುವುದು. ಆಮೇಲೆ ಅಡ್ಡಗೆರೆ. ತಂತಿ ನಿಲ್ಲಿಸಿ. ಪೂರ್ತಿ ಮೌನ. ಮುಂದಿನ ಸಾಲು.

ಕರ್ನಾಟಕ ಸಂಗೀತದ ಕೈ ಇರುವವರಿಗೆ ಒಂದು ಮಾತು. ಗಮಕ ತಾನಾಗೇ ಬಂದುಬಿಡುತ್ತದೆ, ಪ್ರತಿ ಸ್ವರವೂ ಪಕ್ಕದ ಸ್ವರವನ್ನು ಮುಟ್ಟಿ ಬರುತ್ತದೆ. ಈ ಹಾಡುಗಳಲ್ಲಿ ಹೆಚ್ಚಿನ ಸ್ವರ ನೇರ. ಕಮಾನು ಗುರುತಿದ್ದಲ್ಲಿ ಜಾರು ಬಳಸಿ, ಅಲ್ಲಿ ನಿಮ್ಮ ಕೈ ಬೇರೆಯವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಪರೀಕ್ಷೆ: ರಿವರ್ಬ್ ಇಲ್ಲದ, ಬೇಸ್ ಡ್ರಮ್ಸ್ ಮಾತ್ರ ಇರುವ ಈ ಲೀಡನ್ನು ಹಾಡು ಗೊತ್ತಿರುವ ಯಾರಿಗಾದರೂ ಕೇಳಿಸಿ. ಅವರು ತಮಗೇ ಗೊತ್ತಿಲ್ಲದೆ ಪದ ಗುನುಗಿದರೆ ಮುಂದಕ್ಕೆ ಹೋಗಿ. ಇಲ್ಲವಾದರೆ ಒಂದನೇ ಹಂತಕ್ಕೆ ವಾಪಸ್. ಮುಂದಿನ ಯಾವ ಹಂತವೂ ಇದನ್ನು ಸರಿ ಮಾಡುವುದಿಲ್ಲ.

## 6. ಹಿಂದೆ ನಿಂತ ಹುಡುಗಿಯರು

ಕೋರಸ್‌ನಲ್ಲಿ ಮುಂದಿನವಳು ಒಂದು ತುಣುಕು ಹಾಡಿದರೆ ಹಿಂದಿನವರು ಒಂದು ತುಣುಕು ಹಾಡುತ್ತಾರೆ. ಈ ಮಾತು-ಉತ್ತರ ಬಿಟ್ಟರೆ ಅದು ಗರ್ಲ್ ಗ್ರೂಪ್ ಹಾಡೇ ಅಲ್ಲ. ಎಷ್ಟೋ ಜನ ಎರಡನ್ನೂ ಒಂದೇ ಟೋನ್‌ನಲ್ಲಿ ನುಡಿಸಿಬಿಡುತ್ತಾರೆ. ಒಬ್ಬಳೇ ತನಗೆ ತಾನೇ ಉತ್ತರ ಕೊಟ್ಟ ಹಾಗಾಗುತ್ತದೆ.

ಉತ್ತರಕ್ಕೆ ಬೇರೆ ಗಿಟಾರ್ ಬೇಡ, ಬೇರೆ ಟೋನ್ ಬೇಕು. ಲೀಡ್ ಬ್ರಿಜ್ ಪಿಕಪ್‌ನಲ್ಲಿದ್ದರೆ ಉತ್ತರ ನೆಕ್ ಪಿಕಪ್‌ನಲ್ಲಿ ಇರಲಿ, ಟೋನ್ ನಾಬ್ ಅರ್ಧಕ್ಕೆ ಇಳಿಸಿ. ಉತ್ತರ ಯಾವಾಗಲೂ ಎರಡು ಸ್ವರ ಒಟ್ಟಿಗೆ, ಮೂರನೇ ಅಂತರದಲ್ಲಿ (ಸ್ಕೇಲ್‌ನಲ್ಲಿ ನಡುವೆ ಒಂದು ಸ್ವರ ಬಿಟ್ಟು). ಹಿಂದೆ ಒಬ್ಬರಿಲ್ಲ, ಇಬ್ಬರು ಮೂವರಿದ್ದಾರೆ ಅನ್ನಿಸಬೇಕು. ಆರ್ಗನ್ ಅಥವಾ ಎಲೆಕ್ಟ್ರಿಕ್ ಪಿಯಾನೊ ನುಡಿಸುವವರು ಜೊತೆಗಿದ್ದರೆ ಇದನ್ನು ಅವರಿಗೇ ಕೊಡಿ. ಸರ್ಫ್ ತಂಡ ಶಾಂಟೇಸ್‌ನ, 1963ರಲ್ಲಿ ಹಿಟ್ ಆದ ‘ಪೈಪ್‌ಲೈನ್’ನಲ್ಲಿ ಗಿಟಾರ್ ಪಕ್ಕದಲ್ಲಿ ಎಲೆಕ್ಟ್ರಿಕ್ ಪಿಯಾನೊ ಎಷ್ಟು ಸಲೀಸಾಗಿ ಕೂತಿದೆ ನೋಡಿ.

ಲೀಡ್ ಚಲಿಸುವಾಗ ಉತ್ತರದ ಗಿಟಾರ್ ನಿಂತಿರಬೇಕು, ಲೀಡ್ ನಿಂತಾಗ ಅದು ಚಲಿಸಬೇಕು. ಎರಡೂ ಒಟ್ಟಿಗೆ ಓಡುವುದು ಕೊನೆಯ ಕೋರಸ್‌ನಲ್ಲಿ ಮಾತ್ರ.

## 7. ಟ್ರೆಮೊಲೊ ಪಿಕಿಂಗ್ ಎಲ್ಲಿ, ವೈಬ್ರಾಟೊ ಬಾರ್ ಎಲ್ಲಿ

ಸರ್ಫ್ ಗಿಟಾರ್ ವಾದಕ ಡಿಕ್ ಡೇಲ್ 1962ರಲ್ಲಿ ‘ಮಿಸರ್ಲೂ’ ನುಡಿಸಿದ ಆ ವೇಗ ಎಲ್ಲರ ತಲೆಯಲ್ಲೂ ಕೂತಿದೆ. ಅದನ್ನು ಇಡೀ ವರ್ಸ್‌ಗೆ ಹಚ್ಚಿದರೆ ಪದದ ಅಕ್ಷರಗಳು ಅಳಿಸಿಹೋಗುತ್ತವೆ. ಎಲ್ಲವೂ ಒಂದೇ ಗೆರೆ ಆಗುತ್ತದೆ.

ಹಾಳೆ ನೋಡಿ. ಕೆಳಗೆ ಗೆರೆ ಎಳೆದ, ಎರಡು ಬೀಟ್‌ಗಿಂತ ಉದ್ದದ ಅಕ್ಷರಗಳಲ್ಲಿ ಮಾತ್ರ ಟ್ರೆಮೊಲೊ ಪಿಕಿಂಗ್. ಅದೂ ಕೋರಸ್‌ನಲ್ಲಿ ಮಾತ್ರ. 130 ಟೆಂಪೊದಲ್ಲಿ ಹದಿನಾರರ ಪಿಕಿಂಗ್ (ಒಂದು ಬೀಟ್‌ಗೆ ನಾಲ್ಕು ಪೆಟ್ಟು) ಅಂದರೆ ಸೆಕೆಂಡಿಗೆ ಎಂಟೂವರೆಗಿಂತ ಸ್ವಲ್ಪ ಜಾಸ್ತಿ ಪೆಟ್ಟು. 90ರಲ್ಲಿ ಶುರು ಮಾಡಿ, ನಾಲ್ಕು ನಾಲ್ಕಾಗಿ ಏರಿಸಿ. ಚಲನೆ ಮಣಿಕಟ್ಟಿನಿಂದ. ಮೊಣಕೈ ಬಿಗಿಯಾಗುತ್ತಿದೆ, ಮುಂಗೈ ಉರಿಯುತ್ತಿದೆ ಅಂದರೆ ಅದು ಅಭ್ಯಾಸ ಸಾಲದ ಲಕ್ಷಣ ಅಲ್ಲ, ಪಿಕ್ ತಂತಿಯೊಳಗೆ ತೀರಾ ಆಳಕ್ಕೆ ಹೋಗುತ್ತಿರುವ ಲಕ್ಷಣ. ತಕ್ಷಣ ನಿಲ್ಲಿಸಿ, ಪಿಕ್ ಅನ್ನು ಸ್ವಲ್ಪ ಓರೆ ಹಿಡಿದು, ತುದಿ ಮಾತ್ರ ತಾಗಿಸಿ ಮತ್ತೆ ನಿಧಾನಕ್ಕೆ ಶುರು ಮಾಡಿ. ನೋವಿದ್ದರೆ ಆ ದಿನ ಸಾಕು.

ವೈಬ್ರಾಟೊ ಬಾರ್ (ಬ್ರಿಜ್ ಹತ್ತಿರ ಇರುವ, ತಂತಿಗಳ ಸ್ವರ ಇಳಿಸುವ ಕಡ್ಡಿ) ಸಾಲಿನ ಕೊನೆಯ ಕಾರ್ಡ್‌ಗೆ. ಅರ್ಧ ಸ್ವರಕ್ಕಿಂತ ಕಡಿಮೆ ಇಳಿಸಿ, ನಿಧಾನ ವಾಪಸ್ ಬಿಡಿ. ಎರಡು ಸಲ ಬಾರ್ ಮುಟ್ಟಿದ ಮೇಲೆ ಶ್ರುತಿ ಹೋಗುತ್ತಿದ್ದರೆ ಮೊದಲು ನಟ್ (ನೆಕ್ ತುದಿಯಲ್ಲಿ ತಂತಿಗಳು ಕೂರುವ ಕೊರಕಲಿನ ಪಟ್ಟಿ) ನೋಡಿ. ತಂತಿ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ತಂತಿ ಎತ್ತಿ, ಆ ಕೊರಕಲಿಗೆ ಪೆನ್ಸಿಲ್ ಸೀಸ ಉಜ್ಜಿ, ತಂತಿ ಕೂರಿಸಿ. ಹೆಚ್ಚಿನ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

## 8. ಈಗ ರಿವರ್ಬ್

ಸ್ಪ್ರಿಂಗ್ ರಿವರ್ಬ್ ಎಲ್ಲಿ ಜೋಡಿಸಬೇಕು ಅನ್ನುವುದು ಅದರ ಸೆಟ್ಟಿಂಗ್‌ಗಿಂತ ಮುಖ್ಯ. ಫೆಂಡರ್ 1961ರಲ್ಲಿ ತಂದ ಬಿಡಿ ರಿವರ್ಬ್ ಪೆಟ್ಟಿಗೆ ಗಿಟಾರ್ ಮತ್ತು ಆಂಪ್ ನಡುವೆ ಕೂರುತ್ತಿತ್ತು. ಅಂದರೆ ರಿವರ್ಬ್ ಆದ ಸದ್ದು ಆಂಪ್‌ನೊಳಗೆ ಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಮಾಡುವವರು ಹೆಚ್ಚಾಗಿ ಆಂಪ್ ಪ್ಲಗಿನ್ ಆದ ಮೇಲೆ ರಿವರ್ಬ್ ಹಾಕುತ್ತಾರೆ, ಆಗ ಎಷ್ಟು ತಿರುಗಿಸಿದರೂ ಸರ್ಫ್ ಸದ್ದು ಬರುವುದಿಲ್ಲ, ದೊಡ್ಡ ಹಾಲ್‌ನಲ್ಲಿ ನುಡಿಸಿದ ಹಾಗಾಗುತ್ತದೆ. ಮೊದಲು ರಿವರ್ಬ್, ಆಮೇಲೆ ಆಂಪ್. ಆಂಪ್ ಕ್ಲೀನ್ ಇರಬೇಕು. ಸ್ವಲ್ಪ ಡಿಸ್ಟಾರ್ಶನ್ ಬಂದರೂ ರಿವರ್ಬ್ ಕೆಸರಾಗುತ್ತದೆ.

ಆ ಪೆಟ್ಟಿಗೆಯಲ್ಲಿ ಮೂರು ನಾಬ್: ಡ್ವೆಲ್, ಮಿಕ್ಸರ್, ಟೋನ್. ಇವತ್ತಿನ ಅನೇಕ ಪೆಡಲ್‌ಗಳಲ್ಲೂ ಇವೇ ಮೂರು. ಡ್ವೆಲ್ ಅಂದರೆ ಸ್ಪ್ರಿಂಗನ್ನು ಎಷ್ಟು ಜೋರಾಗಿ ಕುಲುಕಬೇಕು ಅನ್ನುವುದು. ಮಿಕ್ಸರ್ ಅಂದರೆ ಆ ಸದ್ದು ಎಷ್ಟು ಬೆರೆಯಬೇಕು ಅನ್ನುವುದು. ಎರಡನ್ನೂ ಒಟ್ಟಿಗೆ ಏರಿಸಬೇಡಿ. ಡ್ವೆಲ್ ಅರ್ಧಕ್ಕಿಂತ ಸ್ವಲ್ಪ ಮೇಲಿಟ್ಟು, ಮಿಕ್ಸರ್ ಸೊನ್ನೆಯಿಂದ ಏರಿಸುತ್ತಾ ಬನ್ನಿ. ಲೀಡ್‌ನ ಅಕ್ಷರಗಳು ಒಂದಕ್ಕೊಂದು ಅಂಟತೊಡಗಿದ ಕಡೆ ನಿಲ್ಲಿಸಿ, ಒಂದು ಗೆರೆ ವಾಪಸ್ ಇಳಿಸಿ.

ಆ ಹನಿ ಬೀಳುವ ಸದ್ದು ಬರುತ್ತಿಲ್ಲ ಅನ್ನುವವರು ನಾಬ್ ಬಿಟ್ಟು ಕೈ ನೋಡಿಕೊಳ್ಳಿ. ಸ್ವರ ಚಿಕ್ಕದಾಗಿ ಕಡಿದರೆ ಮಾತ್ರ ಸ್ಪ್ರಿಂಗ್ ಬಡಿದ ಸದ್ದು ಖಾಲಿ ಜಾಗದಲ್ಲಿ ಕೇಳುತ್ತದೆ. ಸ್ವರ ಉದ್ದ ಇದ್ದರೆ ಅದು ಸ್ವರದ ಕೆಳಗೆ ಮುಚ್ಚಿಹೋಗುತ್ತದೆ. ನಾಲ್ಕನೇ ಹಂತದಲ್ಲಿ ರಿದಮ್ ಸ್ವರ ಚಿಕ್ಕದಿರಲಿ ಅಂದದ್ದು ಇದಕ್ಕೇ. ಲೀಡ್ ನುಡಿಸಿದ್ದನ್ನು ಈಗ ರಿವರ್ಬ್ ಜೊತೆ ಮತ್ತೊಮ್ಮೆ ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿ. ರಿವರ್ಬ್ ಕೇಳುತ್ತಾ ನುಡಿಸಿದಾಗ ಕೈ ತಾನಾಗೇ ಜಾಗ ಬಿಡುತ್ತದೆ.

## 9. ಮಿಕ್ಸ್

ಇಲ್ಲಿ ಎರಡು ಬಗೆಯ ಗುಂಗು ಬೆರೆಯುತ್ತಿದೆ. ಗೋಲ್ಡ್ ಸ್ಟಾರ್‌ನ ಗುಂಗು ಬಂದದ್ದು ಎಕೊ ಚೇಂಬರ್‌ನಿಂದ, ಅಂದರೆ ನಿಜವಾದ ಕೋಣೆಯಿಂದ. ಸರ್ಫ್‌ನದ್ದು ಸ್ಪ್ರಿಂಗ್‌ನಿಂದ. ಎಲ್ಲದಕ್ಕೂ ಎರಡನ್ನೂ ಸುರಿಯಬೇಡಿ. ಸ್ಪ್ರಿಂಗ್ ಗಿಟಾರ್‌ಗಳಿಗೆ ಮಾತ್ರ. ಚೇಂಬರ್ ಪ್ಲಗಿನ್ ಸ್ಟ್ರಮ್ಮಿಂಗ್, ಸ್ನೇರ್, ಟ್ಯಾಂಬರಿನ್, ಚಪ್ಪಾಳೆಗೆ. ಆ ರಿವರ್ಬ್ ಟ್ರ್ಯಾಕ್‌ನಲ್ಲಿ ಕೆಳಗಿನ ಬೇಸ್ ಭಾಗ ಕತ್ತರಿಸಿ, ಇಲ್ಲದಿದ್ದರೆ ಕಿಕ್ ಮಬ್ಬಾಗುತ್ತದೆ.

ಸ್ಪೆಕ್ಟರ್ ಮಿಕ್ಸ್ ಮಾಡುತ್ತಿದ್ದದ್ದು ಮೊನೊದಲ್ಲಿ. ನೀವೂ ಮೊನೊದಲ್ಲೇ ಲೆವೆಲ್ ಕೂರಿಸಿ. ಸ್ಟೀರಿಯೊದಲ್ಲಿ ಬೇರೆ ಬೇರೆ ಕೇಳುತ್ತಿದ್ದ ಲೀಡ್ ಮತ್ತು ಉತ್ತರ ಮೊನೊದಲ್ಲಿ ಒಂದೇ ಗಿಟಾರ್ ಅನ್ನಿಸಿದರೆ ಆರನೇ ಹಂತದ ಟೋನ್ ಸರಿಯಾಗಿಲ್ಲ ಅಂತ ಅರ್ಥ. ಆಮೇಲೆ ಫೋನ್ ಸ್ಪೀಕರ್‌ನಲ್ಲಿ ಕೇಳಿ. ಬಹಳ ಜನ ಕೇಳುವುದು ಅಲ್ಲೇ. ಫೋನ್‌ನಲ್ಲಿ ಬೇಸ್ ಇರುವುದಿಲ್ಲ, ಆದರೂ ಧುಂ, ಧು-ಧುಂ, ಟಾ ಕೇಳಬೇಕು. ಕೇಳದಿದ್ದರೆ ಕಿಕ್ ಜೊತೆ ಫ್ಲೋರ್ ಟಾಮ್ ಸೇರಿಸಿ.

ಉದ್ದ ಎರಡೂವರೆ ನಿಮಿಷ ದಾಟದಿರಲಿ. ಮೂಲದಲ್ಲಿ ಕೊನೆಯ ಕೋರಸ್ ಮುಂಚೆ ಎಲ್ಲವೂ ನಿಂತು ಡ್ರಮ್ಸ್ ಒಂದೇ ಮತ್ತೆ ಬರುತ್ತದೆ. ಅದನ್ನು ಇಟ್ಟುಕೊಳ್ಳಿ. ಅದರ ಕೊನೆಯ ಬೀಟ್ ಮೇಲೆ ಆರನೇ ತಂತಿಯಲ್ಲಿ 12ನೇ ಫ್ರೆಟ್‌ನಿಂದ ಕೆಳಕ್ಕೆ, ಪಿಕ್ ಮಾಡುತ್ತಾ ಒಂದು ದೀರ್ಘ ಜಾರು ಬರಲಿ. ಇಡೀ ಹಾಡಿನಲ್ಲಿ ಇದು ಒಂದೇ ಸಲ. ಇಂಟ್ರೊದಲ್ಲೇ ಖರ್ಚು ಮಾಡಿಬಿಟ್ಟರೆ ಇಲ್ಲಿ ಮೈ ಜುಂ ಅನ್ನುವುದಿಲ್ಲ.

## 10. ಹೊರಗೆ ಹಾಕುವ ಮುಂಚೆ

ಪದ ಇಲ್ಲದಿದ್ದರೂ ಇದು ಕವರ್ ಹಾಡೇ. ಈ ಹಾಡು ರಚಿಸಿದವರು ಜೆಫ್ ಬ್ಯಾರಿ, ಎಲ್ಲಿ ಗ್ರೀನ್‌ವಿಚ್ ಮತ್ತು ಫಿಲ್ ಸ್ಪೆಕ್ಟರ್. ರಾಗ ಬಳಸಿದ ಮೇಲೆ ರಚನೆಯ ಹಕ್ಕು ಲೆಕ್ಕಕ್ಕೆ ಬರುತ್ತದೆ. ಸ್ಟ್ರೀಮಿಂಗ್‌ಗೆ ಹಾಕುವಾಗ ವಿತರಣೆ ಮಾಡುವ ಸೇವೆಯಲ್ಲಿ ಕವರ್ ಅಂತ ಗುರುತು ಹಾಕಿ, ಲೈಸೆನ್ಸ್ ತೆಗೆದುಕೊಳ್ಳಿ, ಮೂವರ ಹೆಸರೂ ಸರಿಯಾಗಿ ಬರೆಯಿರಿ. ಹಾಡಿದವರ ಹೆಸರು ಬರೆದು ರಚಿಸಿದವರನ್ನು ಬಿಡುವುದು ತುಂಬ ಕಡೆ ನಡೆಯುತ್ತದೆ, ಎಲ್ಲಿ ಗ್ರೀನ್‌ವಿಚ್ ಹೆಸರಂತೂ ಬಿಟ್ಟುಹೋಗಲೇಬಾರದು. ಮೂಲ ರೆಕಾರ್ಡಿಂಗ್‌ನಿಂದ ಡ್ರಮ್ಸ್ ತುಣುಕನ್ನು ಕತ್ತರಿಸಿ ಬಳಸಿದ್ದರೆ ಅದಕ್ಕೆ ಈ ಲೈಸೆನ್ಸ್ ಸಾಲದು, ರೆಕಾರ್ಡಿಂಗ್ ಹಕ್ಕು ಇರುವವರ ಒಪ್ಪಿಗೆ ಬೇರೆಯಾಗಿ ಬೇಕು. ಆ ತುಣುಕು ತೆಗೆದುಹಾಕಿ ಮೂರನೇ ಹಂತದ ಹಾಗೆ ನೀವೇ ನುಡಿಸಿ.